ಸ್ಕ್ಯಾನ್ ಆದ ಪುಸ್ತಕ ಯಾಕೆ ಸಿಗುವುದಿಲ್ಲ?

ಬಲ್ಮಠದ ಬಾಸೆಲ್ ಮಿಷನ್ ಛಾಪಖಾನೆಯಲ್ಲಿ ಅಚ್ಚಾದ ಹಳೆಯ ತುಳು ಪುಸ್ತಕವೊಂದು ಮಂಗಳೂರಿನ ಓದುಗರಿಗೆ ಬೇಕಾಯಿತು ಎಂದಿಟ್ಟುಕೊಳ್ಳಿ. ಮನೆಯಲ್ಲೇ ಕೂತು ಹುಡುಕಿದರೆ ಅದು ಸಿಗುವ ಸಾಧ್ಯತೆ ಹೆಚ್ಚಿರುವುದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗುಂಡರ್ಟ್ ಪೋರ್ಟಲಿನಲ್ಲಿ. 2018ರಲ್ಲಿ ತೆರೆದ ಆ ತಾಣದಲ್ಲಿ ಮಲಯಾಳದ ಜತೆಗೆ ಕನ್ನಡ, ತುಳು ಮುದ್ರಣಗಳೂ ಇವೆ. ಅದೇ ಪುಸ್ತಕದ ಇನ್ನೊಂದು ಪ್ರತಿ ಇಲ್ಲೇ, ಕೂಗಳತೆಯ ಕಪಾಟಿನಲ್ಲಿ ಇರಬಹುದು. ಯಾವುದೋ ಯೋಜನೆಯಲ್ಲಿ ಅದನ್ನು ಸ್ಕ್ಯಾನ್ ಕೂಡ ಮಾಡಿರಬಹುದು. ಆದರೆ ಆ ಕಡತ ಯಾವ ಹಾರ್ಡ್‌ಡಿಸ್ಕಿನಲ್ಲಿದೆ, ಯಾವ ಹೆಸರಿನಲ್ಲಿದೆ ಎಂದು ಹೇಳುವವರಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇದಕ್ಕೆ ಕಾರಣ ಕ್ಯಾಮೆರಾದ ಗುಣಮಟ್ಟವಲ್ಲ. ಟ್ಯೂಬಿಂಗನ್ನಿನಲ್ಲಿ ಪ್ರತಿ ಪುಸ್ತಕಕ್ಕೂ ಯಾರೋ ಕೂತು ಮುಖಪುಟ ಓದಿ, ಭಾಷೆ, ವರ್ಷ, ಪುಟಸಂಖ್ಯೆ ಬರೆದಿದ್ದಾರೆ. ಇಲ್ಲಿ ಟೆಂಡರು ಕರೆಯುವುದೇ ಪುಟಕ್ಕೆ ಇಷ್ಟು ಪೈಸೆ ಎಂಬ ಲೆಕ್ಕದಲ್ಲಿ. ಗುತ್ತಿಗೆದಾರರಿಗೆ ಪುಟ ತಿರುಗಿಸುವುದಕ್ಕೆ ದುಡ್ಡು, ಓದುವುದಕ್ಕಲ್ಲ. ಹಾಗಾಗಿ ಕರಾವಳಿಯ ವಿಶ್ವವಿದ್ಯಾನಿಲಯಗಳ, ಕಾಲೇಜುಗಳ ವಿಶೇಷ ಸಂಗ್ರಹಗಳಿಗೆ ಈಗ ಇರುವ ಕೊರತೆ ಸ್ಕ್ಯಾನರಿನದ್ದಲ್ಲ, ವಿವರ ಬರೆಯುವ ಕೈಯದ್ದು. ಎರಡನೆಯ ಕೊರತೆ, ಮಳೆಗಾಲದಲ್ಲಿ ಕೋಣೆಯ ತೇವ ಅಳೆಯುವವರದ್ದು.

ಈ ಮಾತು ಈಗ ಏಕೆ ಬಂತೆಂದರೆ, 2024 ಮತ್ತು 2025ರಲ್ಲಿ ನಾಲ್ಕು ಬದಲಾವಣೆಗಳು ಹಿಂದೆಮುಂದೆ ಆಗಿಹೋದವು. ‘ಒಂದು ದೇಶ ಒಂದು ಚಂದಾ’ ಯೋಜನೆಯಿಂದ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ನಿಯತಕಾಲಿಕಗಳು ಕೇಂದ್ರದ ಖರ್ಚಿನಲ್ಲೇ ಸಿಗತೊಡಗಿದವು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡಿಗೆ ತುಳು-ತಿಗಳಾರಿ ಲಿಪಿ ಸೇರಿತು. ಹಸ್ತಪ್ರತಿಗಳಿಗಾಗಿ ಕೇಂದ್ರದ ಜ್ಞಾನ ಭಾರತಂ ಮಿಷನ್ ಘೋಷಣೆಯಾಯಿತು. ಇವುಗಳ ನಡುವೆ ಸದ್ದಿಲ್ಲದೆ, 2024ರ ಜನವರಿ 1ಕ್ಕೆ ಮಂಜೇಶ್ವರ ಗೋವಿಂದ ಪೈಗಳ ಪ್ರಕಟಿತ ಬರಹಗಳ ಕೃತಿಸ್ವಾಮ್ಯ ಮುಗಿಯಿತು.

ಚಂದಾದ ಖರ್ಚು ಉಳಿದ ಮೇಲೆ ಗ್ರಂಥಾಲಯಕ್ಕೇನು ಕೆಲಸ?

ಚಂದಾ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2024ರ ನವೆಂಬರ್ 25ರಂದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, 13,000ದ ಆಸುಪಾಸು ಇ-ನಿಯತಕಾಲಿಕಗಳು, ಸುಮಾರು 6,300 ಸರಕಾರಿ ಸಂಸ್ಥೆಗಳು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಸರಕಾರಿಯಾದ್ದರಿಂದ ಅದರ ವ್ಯಾಪ್ತಿಯಲ್ಲಿದೆ. ಮಣಿಪಾಲದ ಮಾಹೆ, ನಿಟ್ಟೆ, ಯೇನೆಪೋಯ, 2024ರಲ್ಲಿ ಡೀಮ್ಡ್ ಆದ ಸಂತ ಅಲೋಶಿಯಸ್‌ನಂಥ ಖಾಸಗಿ ವಿಶ್ವವಿದ್ಯಾನಿಲಯಗಳು ಮೊದಲ ಹಂತದಲ್ಲಿ ಇಲ್ಲ, ಅವು ತಮ್ಮ ಚಂದಾ ತಾವೇ ಕಟ್ಟಬೇಕು.

ಇದರ ಪರಿಣಾಮವನ್ನು ಹಲವರು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ. ಕೊಣಾಜೆಯಲ್ಲಿ ಸಿಗುವ ನಿಯತಕಾಲಿಕವೇ ಕಲಬುರಗಿಯಲ್ಲಿ, ಗುವಾಹಟಿಯಲ್ಲಿ ಸಿಗುತ್ತದೆಂದ ಮೇಲೆ ಒಂದು ಗ್ರಂಥಾಲಯವನ್ನು ಇನ್ನೊಂದರಿಂದ ಬೇರೆ ಮಾಡುವುದು ಬೇರೆಲ್ಲೂ ಸಿಗದ ವಸ್ತು ಮಾತ್ರ: ದಾನಿಗಳ ಸಂಗ್ರಹ, ಓಲೆಗ್ರಂಥ, ಯಕ್ಷಗಾನ ಪ್ರಸಂಗ ಪುಸ್ತಕ, ತುಳು ಜನಪದ ಕಥನಗೀತೆಯಾದ ಪಾಡ್ದನದ ಕ್ಯಾಸೆಟ್, ಊರಿನ ಪತ್ರಿಕೆಗಳ ಹಳೆಯ ಸಂಪುಟ. ಆದರೂ ಬಹಳ ಕಡೆ ಈ ವಿಭಾಗ ಇನ್ನೂ ಮೂಲೆಯ ಬೀಗದ ಕೋಣೆ. ಬೀಗದ ಕೈ ಇರುವವರು ರಜೆಯಲ್ಲಿದ್ದರೆ ಸಂಶೋಧಕರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕು.

ಒಂದೇ ಛಾಪಖಾನೆ, ಹಲವು ಭಾಷೆ, ಒಂದು ಸಂಕೇತ

ವಿವರ ಬರೆಯುವುದು ಎಂದರೆ ಏನೆಂದು ಹೇಳಲು ಬಲ್ಮಠಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1841ರಲ್ಲಿ ಕಲ್ಲಚ್ಚಿನಿಂದ ಶುರುವಾದ ಆ ಛಾಪಖಾನೆಯಿಂದ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, ಅದೇ ವರ್ಷ ಗುಂಡರ್ಟ್ ಅವರ ಮಲಯಾಳ ನಿಘಂಟು, 1883ರಲ್ಲಿ ಮಾಫೆಯಿ ಅವರ ಕೊಂಕಣಿ ನಿಘಂಟು, 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಕೋಶ. ಎಲ್ಲವೂ ಮಂಗಳೂರಿನ ಅಚ್ಚು. ಈಗ ಇವನ್ನು ಕೋಹಾದಂಥ ಗ್ರಂಥಾಲಯ ಸೂಚಿಯ ತಂತ್ರಾಂಶಕ್ಕೆ ಏರಿಸಬೇಕು.

ಗ್ರಂಥಾಲಯಗಳು ಬಳಸುವ ಮಾರ್ಕ್ 21 ನಮೂನೆಯಲ್ಲಿ 008 ಎಂಬ ಕ್ಷೇತ್ರದ 35ರಿಂದ 37ನೇ ಸ್ಥಾನದಲ್ಲಿ ಭಾಷೆಗೆ ಮೂರಕ್ಷರದ ಸಂಕೇತ ಹಾಕಬೇಕು. ಕನ್ನಡಕ್ಕೆ ‘ಕೆಎಎನ್’ ಇದೆ, ಕೊಂಕಣಿಗೆ ‘ಕೆಒಕೆ’ ಇದೆ. ತುಳುವಿಗೆ ಆ ಪಟ್ಟಿಯಲ್ಲಿ ಸ್ವಂತ ಸಂಕೇತ ಇಲ್ಲ, ‘ಇತರ ದ್ರಾವಿಡ ಭಾಷೆಗಳು’ ಎಂಬ ‘ಡಿಆರ್‌ಎ’ಯಲ್ಲಿ ಅದನ್ನು ತುರುಕಲಾಗಿದೆ. ಹೀಗಾಗಿ ನಿಯಮದ ಪ್ರಕಾರ ನಡೆದ ಗ್ರಂಥಪಾಲಕರ ತುಳು ಪುಸ್ತಕ, ಯಾವುದೋ ಬೆಟ್ಟದ ಭಾಷೆಯ ಪುಸ್ತಕದ ಜತೆ ಒಂದೇ ಗಂಟಿನಲ್ಲಿ ಬೀಳುತ್ತದೆ. ನಿಯಮ ಬಿಟ್ಟವರು ‘ಕೆಎಎನ್’ ಹಾಕುತ್ತಾರೆ, ಲಿಪಿ ಕನ್ನಡವಲ್ಲವೇ ಎಂದು. ಎರಡರಲ್ಲೂ ‘ತುಳು ಭಾಷೆ’ ಎಂದು ಸೋಸಿ ಹುಡುಕಿದವರಿಗೆ ಸಿಗುವುದು ಸೊನ್ನೆ.

ಪರಿಹಾರ ಇದೇ ನಮೂನೆಯೊಳಗಿದೆ, ಬಳಸುವವರು ಕಡಿಮೆ. 041ನೇ ಕ್ಷೇತ್ರದ ಎರಡನೇ ಸೂಚಕಕ್ಕೆ 7 ಕೊಟ್ಟು, ಐಎಸ್‌ಒ 639-3 ಪಟ್ಟಿಯಲ್ಲಿ ತುಳುವಿಗಿರುವ ‘ಟಿಸಿವೈ’ ಸಂಕೇತ ಬರೆದು, ಉಪಕ್ಷೇತ್ರ 2ರಲ್ಲಿ ಆ ಪಟ್ಟಿಯ ಹೆಸರು ಹಾಕಿದರೆ ಆಯಿತು. ಲಿಪಿಯನ್ನು 546ನೇ ಕ್ಷೇತ್ರದ ‘ಬಿ’ ಉಪಕ್ಷೇತ್ರದಲ್ಲಿ ಬೇರೆಯಾಗಿ ಬರೆಯಬೇಕು. ನಮ್ಮಲ್ಲಿ ಇದು ಬಿಡುವಂಥ ವಿಷಯವೇ ಅಲ್ಲ. ಕೊಂಕಣಿ ಕನ್ನಡ ಲಿಪಿಯಲ್ಲೂ ಇದೆ, ನಾಗರಿಯಲ್ಲೂ ರೋಮನ್ನಿನಲ್ಲೂ ಇದೆ. ಭಾಷೆ ಯಾವುದು, ಲಿಪಿ ಯಾವುದು ಎಂದು ಬೇರ್ಪಡಿಸದ ಸೂಚಿ ಕರಾವಳಿಯಲ್ಲಿ ಉಪಯೋಗಕ್ಕೆ ಬಾರದು.

ಲೇಖಕರ ಹೆಸರಿನ ಗೋಜಲು ಇನ್ನೊಂದು. ಕೋಟ ಶಿವರಾಮ ಕಾರಂತರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಕೊನೆಯ ಅಕ್ಷರಕ್ಕೆ ‘ಎಚ್’ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ, ‘ಎ’ ಹಚ್ಚುವವರೂ ಇದ್ದಾರೆ. ಕೋಟ ಮುಂದೋ ಹಿಂದೋ ಎಂಬುದರಲ್ಲೂ ಒಮ್ಮತವಿಲ್ಲ. ಒಂದು ಅಧಿಕೃತ ರೂಪ ಗೊತ್ತುಮಾಡಿ ಉಳಿದವನ್ನು ಅದಕ್ಕೆ ಜೋಡಿಸದೆ ಹೋದರೆ, ಒಬ್ಬ ಲೇಖಕರು ನಾಲ್ಕು ಜನರಾಗುತ್ತಾರೆ. ನಂದಳಿಕೆಯ ಮುದ್ದಣನ (1870–1901) ವಿಷಯದಲ್ಲಂತೂ ಕವಿಯೇ ತನ್ನ ಹೆಸರು ಮರೆಮಾಡಿ, ಇದು ಹಳಬರ ಕೃತಿ ಎಂದು ಅಚ್ಚಿಗೆ ಕಳಿಸಿದವನು. ಹೀಗಿದ್ದಾಗ ಮುಖಪುಟ ನೋಡಿ ನಮೂದಿಸಿದರೆ ಸಾಲದು, ಸಾಹಿತ್ಯ ಗೊತ್ತಿರಬೇಕು.

ಯಕ್ಷಗಾನ ಪ್ರಸಂಗಗಳ ಅವಸ್ಥೆ ಇದಕ್ಕಿಂತ ಕಷ್ಟ. ಉಡುಪಿಯ ಪಾವಂಜೆಯವರ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದಂಥ ಪ್ರಕಾಶಕರು ಅಗ್ಗದ ಕಾಗದದಲ್ಲಿ ತಂದ ತೆಳು ಪುಸ್ತಕಗಳಿವು. ಒಂದು ರಟ್ಟಿನೊಳಗೆ ಎರಡು ಮೂರು ಪ್ರಸಂಗ ಇರುವುದುಂಟು, ಸೂಚಿಗೆ ಏರುವುದು ಮೊದಲನೆಯದು ಮಾತ್ರ. ಒಂದೇ ಪ್ರಸಂಗಕ್ಕೆ ಎರಡು ಹೆಸರು, ಕವಿಯ ಹೆಸರಿಲ್ಲ, ಇದ್ದರೂ ವಿವಾದ. ‘ಕಿರುಪುಸ್ತಕ’ ಎಂದು ಆಕ್ಸೆಷನ್ ನಂಬರೇ (ದಾಖಲಾತಿ ಸಂಖ್ಯೆ) ಕೊಡದೆ ಕಟ್ಟಿ ಇಟ್ಟಿದ್ದರೆ, ಸ್ಟಾಕ್ ವೆರಿಫಿಕೇಶನ್ ವರ್ಷದಲ್ಲಿ ಅದು ಲೆಕ್ಕಕ್ಕಿಲ್ಲದ ಕಸ. ಪ್ರತಿ ಪ್ರಸಂಗವನ್ನೂ 505ನೇ ಕ್ಷೇತ್ರದ ಒಳಪಟ್ಟಿಯಲ್ಲಿ ಹೆಸರಿಸಬೇಕು, ಮೊದಲ ಪದ್ಯದ ಮೊದಲ ಸಾಲನ್ನೂ ಬರೆದಿಡಬೇಕು. ಹೆಸರು ಬದಲಾದರೂ ಮೊದಲ ಸಾಲು ಸುಲಭದಲ್ಲಿ ಬದಲಾಗುವುದಿಲ್ಲ.

ಓಲೆಗರಿ: ಲಿಪಿ ಒಂದು, ಭಾಷೆ ಇನ್ನೊಂದು

ಮೂಡುಬಿದಿರೆಯ ಜೈನ ಮಠದ ಧವಲಾ ಗ್ರಂಥಗಳು, ಉಡುಪಿಯ ಪಲಿಮಾರು ಮಠದಲ್ಲಿರುವ ಹೃಷೀಕೇಶತೀರ್ಥರ ಸರ್ವಮೂಲದ ಪ್ರತಿ, ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ ಎಲ್ಲರಿಗೂ ಗೊತ್ತಿರುವಂಥವು. ಇವಕ್ಕೆ ಹೆಸರಿದೆ, ಕಾಯುವವರಿದ್ದಾರೆ. ತೊಂದರೆ ಇರುವುದು ಮನೆಮನೆಯಿಂದ ಬಂದು ಕಾಲೇಜುಗಳ ಕೋಣೆಯಲ್ಲಿ ಕೂತಿರುವ ಹೆಸರಿಲ್ಲದ ಕಟ್ಟುಗಳಲ್ಲಿ.

ಜ್ಞಾನ ಭಾರತಂ ಮಿಷನ್ 2025ರ ಬಜೆಟ್ಟಿನಲ್ಲಿ ಘೋಷಣೆಯಾದಾಗ ಇಟ್ಟುಕೊಂಡ ಗುರಿ ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳದ್ದು. 2003ರ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನ ವ್ಯಾಖ್ಯೆಯಂತೆ ಕನಿಷ್ಠ 75 ವರ್ಷ ಹಳೆಯ ಕೈಬರಹವಾದರೆ ಸಾಕು, ಹಸ್ತಪ್ರತಿ ಎನಿಸುತ್ತದೆ. ಗುರಿ ಕೋಟಿಯಲ್ಲಿದ್ದಾಗ ಲೆಕ್ಕ ಒಪ್ಪಿಸುವ ಆತುರವೂ ಕೋಟಿಯಲ್ಲಿರುತ್ತದೆ. ಆಗ ಮೊದಲು ಬಲಿಯಾಗುವುದು ವಿವರ.

ಕರಾವಳಿಯಲ್ಲಿ ಪದೇಪದೇ ಆಗುವ ತಪ್ಪು ಲಿಪಿ ಗುರುತಿಸುವುದರಲ್ಲಿ. ತುಳು-ತಿಗಳಾರಿ ಅಕ್ಷರ ಮಲಯಾಳದ್ದನ್ನು ಹೋಲುತ್ತದೆ. ಪರಿಚಯವಿಲ್ಲದ ಸಮೀಕ್ಷಕರು ‘ಮಲಯಾಳ’ ಎಂದು ಬರೆದು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಲಿಪಿ ತುಳು ಎಂದು ಗುರುತಿಸಿದ ಉತ್ಸಾಹದಲ್ಲಿ ಭಾಷೆಯನ್ನೂ ತುಳು ಎಂದೇ ತುಂಬುತ್ತಾರೆ. ನಿಜದಲ್ಲಿ ಈ ಲಿಪಿಯ ಓಲೆಗಳಲ್ಲಿ ಹೆಚ್ಚಿನವು ಸಂಸ್ಕೃತ: ವೇದ, ಮಂತ್ರ, ತಂತ್ರ, ಜ್ಯೋತಿಷ್ಯ. ತುಳು ಭಾಷೆಯವು ಅಪರೂಪ. ವಿಷ್ಣುತುಂಗನ ‘ಶ್ರೀ ಭಾಗವತೊ’ದಂಥ ಕಾವ್ಯ ವೆಂಕಟರಾಜ ಪುಣಿಂಚತ್ತಾಯರ ಕಣ್ಣಿಗೆ ಬಿದ್ದುದರಿಂದ ಉಳಿಯಿತು. ಅಂಥದ್ದೇ ಇನ್ನೊಂದು ಕೃತಿ ಇವತ್ತು ‘ಮಲಯಾಳ, ಮಂತ್ರ, ಅಪೂರ್ಣ’ ಎಂಬ ಚೀಟಿ ಹೊತ್ತು ಮಲಗಿದ್ದರೆ ಯಾವ ತಂತ್ರಾಂಶವೂ ಅದನ್ನು ಎಬ್ಬಿಸಲಾರದು.

ಒಂದು ಕಟ್ಟಿಗೆ ಬೇಕಾದ ನಮೂದು ಇಷ್ಟು: ಗರಿಗಳ ಸಂಖ್ಯೆ, ಉದ್ದ ಅಗಲ ಸೆಂಟಿಮೀಟರಿನಲ್ಲಿ, ಒಂದು ಬದಿಗೆ ಸಾಲು ಎಷ್ಟು, ಗರಿ ಶ್ರೀತಾಳದ್ದೋ ಕರಿತಾಳದ್ದೋ, ಲಿಪಿ, ಭಾಷೆ, ಆದಿಯ ಸಾಲು, ಅಂತ್ಯದ ಸಾಲು, ಪುಷ್ಪಿಕೆ (ಬರೆದವರ ಹೆಸರು, ಕಾಲ ಹೇಳುವ ಕೊನೆಯ ಬರಹ), ಮುರುಕು ಮತ್ತು ಹುಳ ತಿಂದ ವಿವರ. ಒಂದೇ ಕಟ್ಟಿನಲ್ಲಿ ಆರೇಳು ಕೃತಿ ಇರುವುದು ಸಾಮಾನ್ಯವಾದ್ದರಿಂದ ಇದನ್ನೆಲ್ಲ ಕೃತಿಗೊಂದರಂತೆ ಬರೆಯಬೇಕು. ಗೊತ್ತಿದ್ದವರಿಗೂ ಒಂದು ಕಟ್ಟಿಗೆ ಅರ್ಧ ದಿನ ಹಿಡಿಯುವುದು ವಿಶೇಷವಲ್ಲ. ಸ್ಕ್ಯಾನರಿಗೆ ಅದೇ ಕಟ್ಟು ಒಂದೆರಡು ಗಂಟೆಯ ಕೆಲಸ. ಅಡಚಣೆ ಎಲ್ಲಿದೆ ಎಂಬುದು ಈ ಅಂತರದಲ್ಲೇ ಕಾಣುತ್ತದೆ.

ಕಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಪುಷ್ಪಿಕೆಯಲ್ಲಿ ‘ಕ್ರೋಧಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1904–05 ಆಗಬಹುದು, 1844–45 ಆಗಬಹುದು, ಅದಕ್ಕೂ 60 ವರ್ಷ ಹಿಂದಿನದೂ ಆಗಬಹುದು. ಶಕವರ್ಷ ಇಲ್ಲದಿದ್ದರೆ ಒಂದನ್ನು ಊಹಿಸಿ ತುಂಬುವ ಬದಲು ಸಂವತ್ಸರವನ್ನೇ ಬರೆದು ಬಿಡುವುದು ಪ್ರಾಮಾಣಿಕ. ತುಳುನಾಡಿನ ಸೌರಮಾನದ ಪಗ್ಗು ತಿಂಗಳು ಬಿಸುವಿಗೆ (ಸೌರಮಾನ ಯುಗಾದಿಗೆ) ಶುರು, ಚಾಂದ್ರಮಾನ ಯುಗಾದಿ ಅದಕ್ಕಿಂತ ಕೆಲವು ದಿನವೋ ವಾರವೋ ಮೊದಲು. ಆ ನಡುವಿನ ದಿನಗಳಲ್ಲಿ ಬರೆದ ಓಲೆಗೆ ಸಂವತ್ಸರ ಯಾವ ಲೆಕ್ಕದ್ದು ಎಂಬುದನ್ನೂ ನೋಡಬೇಕು.

ಚಿತ್ರ ತೆಗೆಯುವ ಕಡೆಯ ತಪ್ಪುಗಳು ಸಣ್ಣವು, ಆದರೆ ಸರಿಪಡಿಸಲು ಬಾರದವು. ದಾರ ಬಿಚ್ಚಿ ಗರಿ ಹರಡಿ, ಮತ್ತೆ ಪೋಣಿಸುವಾಗ ಅನುಕ್ರಮ ತಪ್ಪುತ್ತದೆ. ಗರಿಯ ಅಂಕಿ ಒಂದೇ ಬದಿಯಲ್ಲಿರುವುದರಿಂದ ಅಂಕಿಯಿಲ್ಲದ ಬದಿ ಯಾವ ಗರಿಯದ್ದೆಂದು ಚಿತ್ರ ನೋಡಿ ಹೇಳಲಾಗದು. ಅದಕ್ಕೆ ಕಡತದ ಹೆಸರಲ್ಲೇ ಆಕ್ಸೆಷನ್ ಸಂಖ್ಯೆ, ಗರಿಯ ಸಂಖ್ಯೆ, ‘ಎ’ ಅಥವಾ ‘ಬಿ’ ಬದಿ ಇರಬೇಕು. ಅಳತೆಪಟ್ಟಿ, ಬಣ್ಣದ ಪಟ್ಟಿ ಮೊದಲ ಚಿತ್ರದಲ್ಲಿ ಕಾಣಬೇಕು. ಖಾಲಿ ಬದಿಯನ್ನೂ ಬಿಡಬಾರದು, ಬಿಟ್ಟರೆ ಮುಂದಿನ ಎಲ್ಲ ಅಂಕಿಯೂ ಜಾರುತ್ತದೆ. 45 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಗರಿಯ ಒಂದು ಬದಿಗೆ 600 ಡಿಪಿಐಯಲ್ಲಿ ಗಾತ್ರ ಕುಗ್ಗಿಸದ ಟಿಫ್ ಚಿತ್ರಕಡತ ಸುಮಾರು 30 ಎಂಬಿ. 150 ಗರಿಯ ಕಟ್ಟಿಗೆ 300 ಚಿತ್ರ, 9 ಜಿಬಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಲ್ಲಿ ಎಂದರೆ 27 ಜಿಬಿ. ಈ ಲೆಕ್ಕ ಟೆಂಡರಿನಲ್ಲಿ ಇಲ್ಲದಿದ್ದಾಗ ಟಿಫ್ ಅಳಿಸಿ ಪಿಡಿಎಫ್ ಮಾತ್ರ ಉಳಿಸಿಕೊಳ್ಳುತ್ತಾರೆ. ಹತ್ತು ವರ್ಷದ ಮೇಲೆ ಮತ್ತೆ ಅದೇ ಗರಿ ಬಿಚ್ಚಬೇಕಾಗುತ್ತದೆ, ಅಷ್ಟರಲ್ಲಿ ಗರಿ ಇನ್ನೂ ಹತ್ತು ವರ್ಷ ಮುದುಕ.

ಯೂನಿಕೋಡ್ ಬಂತು, ಡೇಟಾಬೇಸ್ ಸಿದ್ಧವಿದೆಯೇ?

2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿಗೆ 80 ಸಂಕೇತಗಳು ದಕ್ಕಿದವು. ಓಲೆಯ ಆದಿ-ಅಂತ್ಯದ ಸಾಲುಗಳನ್ನು ಮೂಲ ಲಿಪಿಯಲ್ಲೇ ಸೂಚಿಗೆ ಏರಿಸಲು ದಾರಿ ತೆರೆಯಿತು. ಆದರೆ ಇಲ್ಲೊಂದು ಗುಪ್ತ ಹಳ್ಳ ಇದೆ. ಕನ್ನಡದ ಅಕ್ಷರಗಳು ಯೂನಿಕೋಡಿನ ಮೂಲ ತಳದಲ್ಲಿವೆ, ಒಂದೊಂದಕ್ಕೂ ಮೂರು ಬೈಟ್ ಸಾಕು. ತುಳು-ತಿಗಳಾರಿ ಅದರಾಚೆಯ ತಳದಲ್ಲಿದೆ, ನಾಲ್ಕು ಬೈಟ್ ಬೇಕು. ಕೋಹಾದ ಹಿಂದಿರುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್‌8’ ವ್ಯವಸ್ಥೆ ಮೂರು ಬೈಟಿಗೇ ನಿಲ್ಲುತ್ತದೆ. ಹಳೆಯ ಕೋಹಾ ಅಳವಡಿಕೆಯಲ್ಲಿ ಕನ್ನಡ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತುಳು ಅಕ್ಷರ ಹಾಕಿದ ಕೂಡಲೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ ಅಥವಾ ಬರೆದದ್ದು ಅರ್ಧಕ್ಕೆ ತುಂಡಾಗುತ್ತದೆ. ಮೊದಲು ಬ್ಯಾಕಪ್ ತೆಗೆದು, ಡೇಟಾಬೇಸನ್ನು ನಾಲ್ಕು ಬೈಟಿನ ‘ಯುಟಿಎಫ್‌8ಎಂಬಿ4’ಗೆ ಬದಲಿಸಿ, ಹತ್ತು ದಾಖಲೆಗಳಲ್ಲಿ ಪರೀಕ್ಷೆ ಮಾಡಿ ಆಮೇಲೆ ನಮೂದು ಶುರುಮಾಡಬೇಕು. ಪೋಸ್ಟ್‌ಗ್ರೆ ಎಂಬ ಇನ್ನೊಂದು ಡೇಟಾಬೇಸ್ ಬಳಸುವ ಡಿಜಿಟಲ್ ಸಂಗ್ರಹದ ತಂತ್ರಾಂಶ ಡಿಸ್ಪೇಸಿನಲ್ಲಿ ಈ ತಾಪತ್ರಯ ಇಲ್ಲ.

ಕನ್ನಡಕ್ಕೂ ಅದರದ್ದೇ ಕಾಟಗಳಿವೆ. ಯುಜಿಸಿಯ 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ರಾಷ್ಟ್ರೀಯ ಪ್ರಬಂಧ ಭಂಡಾರದ ತಾಣಕ್ಕೆ ಹೋಗಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧದ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ‘ಭೂತಾರಾಧನೆ’ ಎಂದು ಹುಡುಕಿದರೆ ಅದರ ಬಗ್ಗೆಯೇ 300 ಪುಟ ಬರೆದ ಪ್ರಬಂಧವೂ ಬರುವುದಿಲ್ಲ. ಪರಿವರ್ತಕ ಹಾಯಿಸಿದರೆ ಅರ್ಕಾವೊತ್ತು ಜಾಗ ಬಿಟ್ಟು ಕೂರುತ್ತದೆ, ಕಣ್ಣಿಗೆ ಕಾಣದ ಜೋಡಣೆಚಿಹ್ನೆಗಳು ಉಳಿಯುತ್ತವೆ. ‘ೋ’ ಎಂಬ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಮೂರು ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರಬಹುದು. ನೋಡಲು ಒಂದೇ, ಯಂತ್ರಕ್ಕೆ ಬೇರೆ. ಹೀಗಾಗಿ ಪರಿವರ್ತನೆಯ ನಂತರ ಯೂನಿಕೋಡಿನ ಸಾಮಾನ್ಯೀಕರಣ (ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು) ಮಾಡಿಯೇ ಏರಿಸಬೇಕು. ಎಲ್ಲ ಹಳೆಯ ಪ್ರಬಂಧಗಳನ್ನೂ ಪೂರ್ತಿ ತಿದ್ದುವುದು ಆಗದ ಮಾತು. ಶೀರ್ಷಿಕೆ, ಅಧ್ಯಾಯಗಳ ಹೆಸರು ಮತ್ತು ಸಾರಾಂಶ ಇಷ್ಟನ್ನು ಕೈಯಲ್ಲೇ ಯೂನಿಕೋಡಿನಲ್ಲಿ ಟೈಪಿಸಿದರೂ ಬಹುಪಾಲು ಹುಡುಕಾಟಕ್ಕೆ ಸಾಕು. ಹೀಗೆ ಜನರಿಂದಲೇ ಮಾಡಿಸಿದ ಮಾದರಿಯೂ ನಮ್ಮಲ್ಲಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ರೋಮನ್ ಲಿಪಿಯ ಅಡ್ಡಾದಿಡ್ಡಿ ಕಾಗುಣಿತದಲ್ಲಿ ಹೂತುಹೋಗಿದ್ದ ಕನ್ನಡ ಪುಸ್ತಕಗಳ ಹೆಸರುಗಳನ್ನು ‘ಸಂಚಯ’ ತಂಡದ ‘ಪುಸ್ತಕ ಸಂಚಯ’ ಯೋಜನೆ ಓದುಗರ ನೆರವಿನಿಂದಲೇ ಕನ್ನಡಕ್ಕೆ ತಂದಿತು.

ಕಲ್ಲಚ್ಚಿನ ಕೈಬರಹ, ಓಲೆಯ ಅಕ್ಷರಗಳನ್ನು ಯಂತ್ರಕ್ಕೆ ಓದಲು ಕಲಿಸಬಹುದೆಂಬ ಮಾತು ಈಗ ಬಹಳ ಕೇಳಿಬರುತ್ತದೆ. ಕಲಿಸಬಹುದು. ಆದರೆ ಒಂದು ಬಗೆಯ ಕೈಬರಹಕ್ಕೆ 5,000ದಿಂದ 15,000 ಪದಗಳಷ್ಟು ಪಠ್ಯವನ್ನು ಮೊದಲು ಮನುಷ್ಯರೇ ಓದಿ, ತಪ್ಪಿಲ್ಲದೆ ಟೈಪ್ ಮಾಡಿ ಕೊಡಬೇಕು. ಸುತ್ತಿ ಸುತ್ತಿ ಲಿಪಿ ಬಲ್ಲವರ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ.

ಆಟಿ ತಿಂಗಳ ಗಾಳಿ

ಮಂಗಳೂರಿನ ವರ್ಷದ ಮಳೆ 3,500 ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾಗದಕ್ಕೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55. ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯಲು ಶುರು. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ ಡಬ್ಬದೊಳಗಿನ ಹಪ್ಪಳವೇ ಮೆತ್ತಗಾಗುವಾಗ ಕಪಾಟಿನ ಪುಸ್ತಕದ ಗತಿ ಹೇಳಬೇಕಾಗಿಲ್ಲ.

ಈ ಸಮಸ್ಯೆಗೆ ಎಲ್ಲರೂ ತರುವ ಮದ್ದು ಎಸಿ. ಬೆಳಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸುವ ಎಸಿ ಪುಸ್ತಕಗಳಿಗೆ ಮಾಡುವ ಕೆಡುಕು, ಎಸಿಯೇ ಇಲ್ಲದ ಕೋಣೆಗಿಂತ ಹೆಚ್ಚು. ಹೊರಗೆ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 90 ಇದೆಯೆಂದುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗತೊಡಗುವ ತಾಪ, ಸುಮಾರು 26 ಡಿಗ್ರಿ. ದಿನವಿಡೀ 22 ಡಿಗ್ರಿಯಲ್ಲಿ ತಣ್ಣಗಾದ ಪುಸ್ತಕದ ರಟ್ಟಿಗೆ, ಎಸಿ ನಿಂತ ಮೇಲೆ ಬಾಗಿಲ ಸಂದಿಯಿಂದ ನುಗ್ಗಿದ ಈ ಗಾಳಿ ತಗಲಿದರೆ ತಣ್ಣನೆಯ ಸೋಡಾ ಬಾಟಲಿಯ ಮೇಲಿನ ಹಾಗೆ ನೀರು ಬೆವರುತ್ತದೆ. ರಾತ್ರಿಯಿಡೀ ಅದು ಆರುವುದಿಲ್ಲ. ಎಸಿಯನ್ನು 24 ಗಂಟೆ ನಡೆಸಲು ಆಗದಿದ್ದರೆ ಅದನ್ನು ಮುಟ್ಟದೆ, ತೇವ ಹೀರುವ ಡಿಹ್ಯುಮಿಡಿಫೈಯರ್ ಮತ್ತು ಗಾಳಿ ತಿರುಗಲು ಫ್ಯಾನ್ ಇಡುವುದು ವಾಸಿ. ಡಿಹ್ಯುಮಿಡಿಫೈಯರಿನ ತೊಟ್ಟಿ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಶನಿವಾರ ಮಧ್ಯಾಹ್ನ ನಿಂತದ್ದು ಸೋಮವಾರವೇ ಗೊತ್ತಾಗುವುದು. ನೀರು ಹೊರಹೋಗಲು ಪೈಪ್ ಹಾಕಿಸಿದರೆ ಈ ಪಾಡಿಲ್ಲ.

ಮುರಕಲ್ಲಿನ ಗೋಡೆ ಮಳೆನೀರನ್ನು ಹೀರಿ ಒಳಕ್ಕೆ ಬಿಡುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಉಕ್ಕಿನ ಕಪಾಟಿನ ಹಿಂಭಾಗದಲ್ಲೇ ಮೊದಲು ಬೂಷ್ಟು ಕಾಣುವುದು ಅದಕ್ಕೆ. ಗೋಡೆಯಿಂದ ಒಂದು ಗೇಣಿನಷ್ಟು ಅಂತರ, ಕೆಳಗಿನ ತಟ್ಟು ನೆಲದಿಂದ 15 ಸೆಂ.ಮೀ. ಮೇಲೆ, ಕಪಾಟಿನ ಬೆನ್ನಿಗೆ ಗಾಳಿಯಾಡುವ ತೂತು. ನುಸಿಗುಳಿಗೆ ಬೂಷ್ಟಿಗೆ ಏನೂ ಮಾಡದು, ಕೋಣೆಯಲ್ಲಿ ಕೂತವರ ತಲೆನೋವಿಗೆ ಮಾತ್ರ ಕಾರಣ. ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೀಜಕಣ ಕಾಗದದೊಳಕ್ಕೆ ಉಜ್ಜಿಹೋಗುತ್ತದೆ. ಬೇರ್ಪಡಿಸಿ, ನೆರಳಲ್ಲಿ ಗಾಳಿಗೆ ಪೂರ್ತಿ ಆರಲು ಬಿಟ್ಟು, ಆಮೇಲೆ ಮೆದು ಕುಂಚದಲ್ಲಿ, ಕಟ್ಟಡದ ಹೊರಗೆ, ಎನ್95 ಮಾಸ್ಕ್ ಹಾಕಿ ಝಾಡಿಸಬೇಕು. ಒರಲೆ ಬಿಟ್ಟು ಉಳಿದ ಹುಳಕ್ಕೆ ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡುವುದು ವಿಷದ ಹೊಗೆಗಿಂತ ಒಳ್ಳೆಯದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಮತ್ತೆ ಅದೇ ಬೆವರಿನ ಕತೆ. ಒರಲೆ ಬರುವುದು ನೆಲದಿಂದ, ಅದನ್ನು ಕಟ್ಟಡದ ಬುಡದಲ್ಲೇ ನಿಲ್ಲಿಸಬೇಕು.

ಓಲೆಗೆ ನಿಯಮ ಸ್ವಲ್ಪ ಬೇರೆ. ನವರಾತ್ರಿಯ ಹೊತ್ತಿಗೆ ಕಟ್ಟು ಬಿಚ್ಚಿ ಬಿಸಿಲಿಗೆ ಹಾಕುವ ಹಳೆಯ ಕ್ರಮದಲ್ಲಿ ಬಿಚ್ಚುವುದು ಸರಿ, ಬಿಸಿಲು ತಪ್ಪು. ನೇರ ಬಿಸಿಲಿಗೆ ಗರಿ ಸುರುಟಿ ತೂತಿನ ಬಳಿ ಸೀಳುತ್ತದೆ. ಕೊರೆದು ಮಸಿ ತುಂಬಿದ ಗರಿಯನ್ನು ಈಥೈಲ್ ಆಲ್ಕೊಹಾಲ್ ಮತ್ತು ಬಟ್ಟಿ ಇಳಿಸಿದ ನೀರಿನ ಸಮಪಾಲು ಮಿಶ್ರಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು, ಆಮೇಲೆ ಸಿಟ್ರೊನೆಲ್ಲಾ ಎಣ್ಣೆ ತೆಳ್ಳಗೆ ಸವರಿದರೆ ಬಾಗುವ ಗುಣ ಬರುತ್ತದೆ. ಶಾಯಿಯಿಂದ ಬರೆದ ಗರಿಗೆ ಇದನ್ನು ಮಾಡಿದರೆ ಅಕ್ಷರವೇ ಹೋಗುತ್ತದೆ. ಗರಿಯನ್ನು ಓರೆ ಬೆಳಕಿನಲ್ಲಿ ನೋಡಿ, ಗೀರು ಕಾಣುತ್ತದೆಯೇ ಎಂದು ಖಚಿತಮಾಡಿಕೊಂಡೇ ಮುಟ್ಟಬೇಕು.

ಖರ್ಚು ಕಡಿಮೆ, ಲಾಭ ಹೆಚ್ಚು ಎಂಬಂಥದ್ದು ಒಂದೇ ಇದೆ: ಗಂಟೆಗೊಮ್ಮೆ ತಾಪ, ತೇವ ಬರೆದಿಡುವ ಸಣ್ಣ ಡೇಟಾಲಾಗರ್. ಒಂದು ವರ್ಷದ ದಾಖಲೆ ಕೈಯಲ್ಲಿದ್ದರೆ ಯಾವ ಕೋಣೆ, ಯಾವ ತಿಂಗಳು, ಯಾವ ಗೋಡೆ ಎಂಬುದು ತಿಳಿಯುತ್ತದೆ, ಯಂತ್ರ ಕೊಳ್ಳುವ ಪ್ರಸ್ತಾವಕ್ಕೂ ಬಲ ಬರುತ್ತದೆ. ಸ್ಕ್ಯಾನರ್ ಉದ್ಘಾಟನೆಗೆ ರಿಬ್ಬನ್ ಕತ್ತರಿಸಬಹುದು. ಡೇಟಾಲಾಗರಿಗೆ ರಿಬ್ಬನ್ ಇಲ್ಲ, ಬಹುಶಃ ಅದಕ್ಕೇ ಅದು ಯಾರಿಗೂ ಬೇಡ.

ಯಾರ ಹಕ್ಕು, ಎಲ್ಲಿವರೆಗೆ

ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ, ಅಂದರೆ 2023ರ ಕೊನೆಗೆ ಅವಧಿ ಮುಗಿಯಿತು. ಅವರ ಪುಸ್ತಕ ಸಂಗ್ರಹ ಇರುವುದು ಉಡುಪಿ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ. ಅವರು ಬದುಕಿದ್ದಾಗ ಪ್ರಕಟವಾದದ್ದನ್ನು ಈಗ ಯಾರೂ ಮುಕ್ತವಾಗಿ ಏರಿಸಬಹುದು. ಆದರೆ ತೀರಿಕೊಂಡ ನಂತರ ಮೊದಲ ಸಲ ಅಚ್ಚಾದ ಬರಹಕ್ಕೆ 60 ವರ್ಷದ ಲೆಕ್ಕ ಪ್ರಕಟಣೆಯ ವರ್ಷದಿಂದ ಶುರು. ಲೇಖಕರೊಬ್ಬರಿಗೆ ಬೇರೆಯವರು ಬರೆದ ಕಾಗದಗಳ ಹಕ್ಕು ಆ ಬರೆದವರದ್ದು, ಕಾಗದ ಕೈಯಲ್ಲಿರುವವರದ್ದಲ್ಲ. ಕಡೆಂಗೋಡ್ಲು ಶಂಕರ ಭಟ್ಟರದ್ದು (1904–1968) 2029ರ ಜನವರಿಗೆ ಮುಕ್ತ, ಕಾರಂತರದ್ದು 2058ಕ್ಕೆ. ಹಕ್ಕು ಮುಗಿಯದ ಪುಸ್ತಕವನ್ನೂ ಮುಟ್ಟಬಾರದೆಂದೇನಿಲ್ಲ. 2012ರ ತಿದ್ದುಪಡಿಯಂತೆ, ತನ್ನ ಬಳಿ ಮುದ್ರಿತ ಪ್ರತಿ ಇರುವ ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಅದನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳುವುದು ಬೇರೆ, ಜಾಲಕ್ಕೆ ಬಿಡುವುದು ಬೇರೆ.

ಧ್ವನಿಸಂಗ್ರಹಗಳಲ್ಲಿ ಮಾತ್ರ ಅವಸರ ನಿಜಕ್ಕೂ ಇದೆ. ಎಂಜಿಎಂ ಕಾಲೇಜಿನಲ್ಲೇ ಇರುವ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ 1980ರ ದಶಕದಿಂದ ಧ್ವನಿ, ವಿಡಿಯೋ ಮುದ್ರಿಸಿಕೊಂಡು ಬಂದಿದೆ. 1990ರ ಡಿಸೆಂಬರಿನಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯ, 15,683 ಸಾಲು, 1998ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾಯಿತು. ಈ ಪ್ರದೇಶದ ಎಷ್ಟೋ ಧ್ವನಿಮುದ್ರಣಗಳಿಗೆ ಅಂಥ ಅದೃಷ್ಟವಿಲ್ಲ. ಕಾಂತೀಯ ಪಟ್ಟಿಯ ಅಂಟು ನಮ್ಮ ತೇವಕ್ಕೆ ಕರಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಒಂದು ಸಲ ಓಡಿಸಿದರೆ ಎರಡನೇ ಸಲಕ್ಕೆ ಧ್ವನಿ ಉಳಿಯದಿರಬಹುದು. ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಮೂರೂ ವಿರಳ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕೇ ಬೇಕು, ಇಲ್ಲಿ ಅಡ್ಡದಾರಿಯಿಲ್ಲ. 96 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ಕಡತವಾದರೆ ಗಂಟೆಗೆ 2 ಜಿಬಿ ಚಿಲ್ಲರೆ. ಕಾಗದ ಇನ್ನೂ ಇಪ್ಪತ್ತು ವರ್ಷ ಕಾದೀತು, ಟೇಪು ಕಾಯದು. ಇರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವಷ್ಟಿದ್ದರೆ ಟೇಪಿಗೆ ಹಾಕುವುದೇ ಸರಿ.

ಹಾಡಿದವರ ಹಕ್ಕಿಗೂ ಅವಧಿಯಿದೆ: ಪ್ರದರ್ಶನದ ಮರುವರ್ಷದಿಂದ 50 ವರ್ಷ. 1990ರಲ್ಲಿ ಹಾಡಿದ್ದಕ್ಕೆ 2040ರ ಕೊನೆಯವರೆಗೆ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಬೇಕು. ದೈವದ ನೇಮದ ಹೊತ್ತಿನ ಪಾಡ್ದನವಾದರೆ ಕಾನೂನಿನ ಒಪ್ಪಿಗೆ ಸಿಕ್ಕಿದರೂ ಗುತ್ತಿನ ಮನೆತನದವರ, ಊರವರ ಒಪ್ಪಿಗೆ ಬೇರೆಯೇ ಬೇಕಾಗಬಹುದು. ಕೆಲವನ್ನು ಜಾಲಕ್ಕೆ ಬಿಡದೆ, ಗ್ರಂಥಾಲಯದ ಒಳಗೆ ಮಾತ್ರ ಕೇಳಲು ಇಡುವುದು ಸರಿಯಾದೀತು. ಆದರೆ ಹಳೆಯ ಕ್ಯಾಸೆಟ್ಟಿನ ಚೀಟಿಯಲ್ಲಿ ಬಹಳ ಸಲ ಇರುವುದು ‘ಪಾಡ್ದನ, ಭಾಗ 2’ ಎಂಬ ಎರಡು ಪದ. ಹಾಡಿದವರು ಯಾರು, ಯಾವ ಊರು, ಗದ್ದೆಯಲ್ಲೋ ದೈವದ ಸಾನದಲ್ಲೋ, ಒಂದೂ ಇಲ್ಲ. ಒಪ್ಪಿಗೆ ಕೇಳಲು ಮೊದಲು ಆ ಹೆಸರು ಬೇಕು. ಟೇಪು ಓಡುವಾಗ ಆ ದನಿ ಗುರುತಿಸಬಲ್ಲವರನ್ನು, ಅಂದು ಮೈಕ್ ಹಿಡಿದಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ, ಅದೇ ಒಂದು ಗಂಟೆಯಲ್ಲಿ ಸೂಚಿಯ ನಮೂದೂ ಮುಗಿಯುತ್ತದೆ.